ಗೆರೆಯಮ್ಮನ ಸಾಕ್ಷಿ

ಆ ಪ್ರಯೋಗಾಲಯದಲ್ಲಿ ದಿನದ ಮೊದಲ ಮಾತನ್ನು ಆಡುತ್ತಿದ್ದವನು ಸತ್ತು ಬಹಳ ವರ್ಷಗಳಾಗಿದ್ದವು. ಅವನು ಯಾರೆಂದು ಅಲ್ಲಿ ತಿಳಿದಿದ್ದವಳು ಗೆರೆಯಮ್ಮ ಒಬ್ಬಳೇ.

ಹೆರಿಗೆ ಆಸ್ಪತ್ರೆಯ ಹಿಂಬದಿಯಲ್ಲಿ, ಬಟ್ಟೆ ಒಗೆಯುವ ಕೋಣೆಗೂ ಔಷಧಿ ದಾಸ್ತಾನಿಗೂ ನಡುವೆ ಆ ಪ್ರಯೋಗಾಲಯವಿತ್ತು. ಉದ್ದನೆಯ ಒಂದು ಕಲ್ಲಿನ ಮೇಜು, ಎರಡು ಫ್ರಿಜ್, ರಕ್ತದ ನಳಿಕೆಗಳನ್ನು ಗರಗರ ತಿರುಗಿಸುವ ಯಂತ್ರ, ಬಿಸಿಲು ಕಾಣದ ಕಿಟಕಿ. ಬಸುರಿಯರ ರಕ್ತದಲ್ಲಿ ಎಚ್‌ಐವಿ ಸೋಂಕಿನ ಗುರುತು ಇದೆಯೇ ಎಂದು ಮೊದಲ ಸುತ್ತಿನಲ್ಲಿ ಜರಡಿ ಹಿಡಿಯುವುದು ಗೆರೆಯಮ್ಮನ ಕೆಲಸ. ಬೆರಳುದ್ದದ ಪ್ಲಾಸ್ಟಿಕ್ ಪಟ್ಟಿಯ ಕುಳಿಯಲ್ಲಿ, ಕೆಂಪು ಕೆಳಗಿಳಿದ ಮೇಲೆ ಉಳಿಯುವ ರಕ್ತದ ತಿಳಿ ಒಂದು ಹನಿ, ಅದರ ಮೇಲೆ ದ್ರಾವಣ, ಆಮೇಲೆ ಕಾಯಬೇಕು. ಒಂದೇ ಗೆರೆ ಮೂಡಿದರೆ ಏನೂ ಸಿಕ್ಕಿಲ್ಲ. ಎರಡು ಮೂಡಿದರೆ ಏನೋ ಸಿಕ್ಕಿದೆ. ಅದೂ ಕೊನೆಯ ಮಾತಲ್ಲ. ಬೇರೆ ಬಗೆಯ ಇನ್ನೆರಡು ಕಿಟ್‌ಗಳು ಹೌದೆಂದರೆ ಮಾತ್ರ ಹೌದು. ಇತರರಿಗೆ ಕಾಣದ ಮಸುಕು ಗೆರೆಯೂ ಅವಳ ಕಣ್ಣಿಗೆ ಬೀಳುತ್ತಿದ್ದುದರಿಂದ ಆ ಹೆಸರು ಬಂತು. ಇಟ್ಟವರು ಯಾರೋ ತಮಾಷೆಗೆ ಇಟ್ಟಿದ್ದರು. ಹೆಸರು ಉಳಿಯಿತು, ತಮಾಷೆ ಹೋಯಿತು.

ಕಿಟ್ ಎಂಬುದು ಮೂಕ ಪ್ರಾಣಿ. ಬಿಸಿಲಲ್ಲಿ ಕೆಟ್ಟಿದ್ದರೂ ತಾನು ಕೆಟ್ಟಿದ್ದೇನೆಂದು ಹೇಳುವುದಿಲ್ಲ. ಎಲ್ಲರಿಗೂ ಇಲ್ಲ, ಇಲ್ಲ ಎನ್ನುತ್ತ ಕೂರುತ್ತದೆ. ಆದ್ದರಿಂದ ಪ್ರತಿದಿನ ಬೆಳಿಗ್ಗೆ, ಸೋಂಕಿದೆಯೆಂದು ಖಚಿತವಾಗಿ ಗೊತ್ತಿರುವ ರಕ್ತದ ತಿಳಿಯನ್ನು ಮೊದಲು ಹಾಕಿ ನೋಡಬೇಕು. ಅದು ಹೌದೆಂದರೆ ಮಾತ್ರ ಮಿಕ್ಕವರ ‘ಇಲ್ಲ’ವನ್ನು ನಂಬಬಹುದು. ಆ ತಿಳಿಗೆ ಪ್ರಯೋಗಾಲಯದವರು ಇಟ್ಟ ಹೆಸರು ಸಾಕ್ಷಿ. ‘ಸಾಕ್ಷಿ ಬಂದ್ನಾ?’ ‘ಬಂದ, ಹೇಳ್ದ, ಹೋದ.’ ಹೀಗೆ ಬೆಳಗಾಗುತ್ತಿತ್ತು.

ಸಾಕ್ಷಿ ಗೆರೆಯಮ್ಮನ ತಮ್ಮ.

ಅವನು ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದವನು. ಅಳತೆಗೋಲಿಲ್ಲದೆ ಗೋಡೆಯುದ್ದ ಗೆರೆ ಎಳೆದರೆ ಕೂದಲೆಳೆಯಷ್ಟೂ ಸೊಟ್ಟಗಾಗುತ್ತಿರಲಿಲ್ಲ. ಇನ್ನೊಂದು ಹೆಮ್ಮೆಯೂ ಅವನಿಗಿತ್ತು, ರಕ್ತ ಕೊಡುವುದು. ಯಾರು ಕೇಳಿದರೂ ತೋಳು ಮಡಚಿ ಹೊರಡುತ್ತಿದ್ದ. ಅಂಥ ಒಂದು ದಾನದ ಚೀಲವೇ ಅವನನ್ನು ಹಿಡಿದುಕೊಟ್ಟಿತು. ಸೋಂಕು ಎಲ್ಲಿಂದ ಬಂತೆಂದು ಅವನು ಹೇಳಲಿಲ್ಲ, ಅವಳು ಕೇಳಲಿಲ್ಲ. ‘ಇನ್ನೊಂದ್ಸಲ ನೋಡಕ್ಕ, ತಪ್ಪು ಬಂದಿರ್ಬೇಕು’ ಎಂದ. ನೋಡಿದಳು. ಮತ್ತೆ ಬಂದ, ಮತ್ತೆ ನೋಡಿದಳು. ಕಪಾಟಿನಲ್ಲಿದ್ದ ಯಾವ ಕಿಟ್ಟೂ ಅವನ ಪರ ನಿಲ್ಲಲಿಲ್ಲ.

ಆಗಿನ ಪ್ರಯೋಗಾಲಯದ ಹಿರಿಯರು ಆ ಚೀಲವನ್ನು ಎಸೆಯಲು ಬಿಡಲಿಲ್ಲ. ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ. ವೈರಸ್ ಸಾಯುವಂತೆ ಕಾಯಿಸಿ, ಸೋಂಕಿನ ವಿರುದ್ಧ ಮೈ ತಯಾರಿಸಿಕೊಂಡ ಅಂಶ ಉಳಿಯುವಂತೆ ಹದ ಮಾಡಿ, ಪುಟ್ಟ ಪುಟ್ಟ ಸೀಸೆಗಳಿಗೆ ತುಂಬಿ ಹೆಪ್ಪುಗಟ್ಟಿಸಿಟ್ಟರು. ಅವರಿಗೆ ಅದೊಂದು ನಂಬರು. ಗೆರೆಯಮ್ಮ ತಮ್ಮನಿಗೆ ವಿಷಯ ಹೇಳಿ, ಬೇಡವೆಂದರೆ ನಿಲ್ಲಿಸುತ್ತೇನೆ ಎಂದಳು. ಅವನು ಹಾಸಿಗೆಯಲ್ಲೇ ನಕ್ಕ.

‘ಅಂದ್ರೆ ನಾನೂ ಆಸ್ಪತ್ರೆ ಕೆಲಸಕ್ಕೆ ಸೇರ್ದೆ ಅನ್ನು. ಸಂಬಳ?’

‘ಇಲ್ಲ.’

‘ರಜೆ?’

‘ಅದೂ ಇಲ್ಲ.’

‘ನಿನ್ನಂಥ ಅಕ್ಕನ ಕೈಕೆಳಗೆ ಇನ್ನೇನು ಸಿಗತ್ತೆ!’

ಔಷಧಿ ಆ ಕಡೆಗೆ ಬರುವ ಮುಂಚೆಯೇ ಅವನು ಹೋದ. ಅವನಿಗೆ ಶ್ವಾಸಕೋಶದ ಕಾಯಿಲೆ ಎಂದು ತಾಯಿಗೆ ಹೇಳಿದ್ದರು. ಅದು ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. ತಾಯಿ ಅದನ್ನೇ ನಂಬಿಕೊಂಡು, ನೆರೆಹೊರೆಯವರ ಮುಂದೆ ಅದನ್ನೇ ಹೇಳಿಕೊಂಡು ತನ್ನ ಕಾಲ ಮುಗಿಸಿದಳು. ಗುಟ್ಟು ಗೆರೆಯಮ್ಮನ ಪಾಲಿಗೆ ಉಳಿಯಿತು.

ಅವಳು ಸೀಸೆಯ ಜೊತೆ ಮಾತಾಡುತ್ತಿದ್ದಳು ಎಂದುಕೊಳ್ಳಬೇಡಿ. ಅಷ್ಟು ಹುಚ್ಚು ಅವಳಿಗೆ ಹಿಡಿದಿರಲಿಲ್ಲ. ಆದರೆ ಆ ಕೆಲಸವನ್ನು ಬೇರೆಯವರಿಗೆ ಬಿಡುತ್ತಿರಲಿಲ್ಲ. ಬೆಳಿಗ್ಗೆ ಕೈಗವಸು ತೊಟ್ಟು, ಹೆಪ್ಪುಗಟ್ಟಿದ ಸೀಸೆಯನ್ನು ಎರಡು ಬೆರಳ ನಡುವೆ ಹಿಡಿದು ಕರಗುವವರೆಗೆ ಕಿಟಕಿಗೆ ಮುಖಮಾಡಿ ನಿಲ್ಲುತ್ತಿದ್ದಳು. ಹನಿ ಹಾಕುತ್ತಿದ್ದಳು. ಬಿಳಿಯ ಪಟ್ಟಿಯ ಮೇಲೆ ಎರಡನೆಯ ಗೆರೆ ನಿಧಾನವಾಗಿ ಏಳುತ್ತಿತ್ತು, ಎಲ್ಲೂ ಸೊಟ್ಟವಿಲ್ಲದೆ. ಮತ್ತೆ ಬಂದೆಯಾ ಎಂದು ಅವಳ ಎದೆ ಒಮ್ಮೆ ಧಸಕ್ಕೆನ್ನುತ್ತಿತ್ತು. ಅಷ್ಟು ವರ್ಷಗಳಲ್ಲಿ ಒಂದು ಬೆಳಿಗ್ಗೆಯೂ ಅದು ತಪ್ಪಿರಲಿಲ್ಲ.

ಸೀಸೆಗಳು ತೀರುತ್ತ ಬಂದವು. ಜಿಲ್ಲೆಯ ದೊಡ್ಡ ಪ್ರಯೋಗಾಲಯವನ್ನು ಕೇಳಿದರೆ ಹೊಸ ಸಾಕ್ಷಿ ಬರುತ್ತಿತ್ತು. ಅವಳು ಕೇಳಲಿಲ್ಲ. ಕರಗಿಸಿದ ಸೀಸೆಯನ್ನು ಮತ್ತೆ ಹೆಪ್ಪುಗಟ್ಟಿಸಬಾರದು, ಅದರ ಶಕ್ತಿ ಕುಂದುತ್ತದೆ. ಇದು ಆ ಕಸುಬಿನ ಮೊದಲ ಪಾಠ. ಕಲಿಯಲು ಬಂದವರಿಗೆಲ್ಲ ಅವಳೇ ಬೈದು ಕಲಿಸಿದ ಪಾಠ. ಕೊನೆಯ ಸೀಸೆಗೆ ಬಂದಾಗ ಆ ಪಾಠವನ್ನು ಅವಳು ಮರೆಯಲಿಲ್ಲ, ಮುರಿದಳು. ದಿನಾ ಕರಗಿಸಿದಳು, ದಿನಾ ಮತ್ತೆ ಒಳಗಿಟ್ಟಳು. ತಳ ಕಾಣತೊಡಗಿದಾಗ ಸೋಂಕಿಲ್ಲದ ರಕ್ತದ ತಿಳಿಯನ್ನು ಸ್ವಲ್ಪ ಬೆರೆಸಿದಳು. ಗೆರೆ ಇನ್ನೂ ಚೆನ್ನಾಗಿಯೇ ಬಂತು. ಆಮೇಲೆ ಇನ್ನೊಂದಿಷ್ಟು. ಹಾಲಿಗೆ ನೀರು ಬೆರೆಸುವವರೂ ಮೊದಲ ದಿನವೇ ಬಿಂದಿಗೆ ಮಗುಚುವುದಿಲ್ಲ.

ಆ ಬೇಸಗೆಯಲ್ಲಿ ಹೊಸ ಕಿಟ್‌ಗಳ ಪೆಟ್ಟಿಗೆ ಬಂತು. ತಂದವನು ಅದನ್ನು ಬಿಸಿಲು ಹೊಡೆಯುವ ಮೊಗಸಾಲೆಯಲ್ಲಿ ಇಳಿಸಿ, ಯಾರಿಗೂ ಹೇಳದೆ ಊಟಕ್ಕೆ ಹೋಗಿದ್ದ. ಪೆಟ್ಟಿಗೆ ಒಡೆದ ದಿನ ಬೆಳಿಗ್ಗೆ ಗೆರೆಯಮ್ಮ ಸಾಕ್ಷಿಯ ಪಟ್ಟಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

ಪಕ್ಕದಲ್ಲಿ ಕೆಲಸ ಮಾಡುವ ಕಿರಿಯ ತಂತ್ರಜ್ಞೆ, ಬಾಯಿ ಮುಚ್ಚದ ಹೆಂಗಸಾದ್ದರಿಂದ ಎಲ್ಲರ ಬಾಯಲ್ಲೂ ಚಿಲಿಪಿಲಿ ಎನಿಸಿಕೊಂಡವಳು, ಇಣುಕಿದಳು.

‘ಅಮ್ಮಾ, ನಂಗೇನೂ ಕಾಣ್ತಿಲ್ಲ.’

‘ಇದೆ.’

‘ಎಲ್ಲಿದೆ?’

‘ಇದೆ ಅಂದ್ನಲ್ಲ. ಕನ್ನಡಕ ಒರೆಸ್ಕೋ.’

‘ಒರೆಸಿದ್ರೆ ಕನ್ನಡಕ ಚೊಕ್ಕ ಆಗತ್ತೆ, ಗೆರೆ ಹುಟ್ಟತ್ತಾ?’ ಎಂದು ಗೊಣಗಿದರೂ ಚಿಲಿಪಿಲಿ ಸುಮ್ಮನಾದಳು. ಆ ದಿನ ಬಂದ ಬಸುರಿಯರಿಗೆಲ್ಲ ಅದೇ ಪೆಟ್ಟಿಗೆಯ ಪಟ್ಟಿಗಳಲ್ಲಿ ಪರೀಕ್ಷೆಯಾಯಿತು. ಎಲ್ಲರದೂ ಇಲ್ಲ.

ಮರುದಿನ ಬೆಳಿಗ್ಗೆ ಎರಡನೆಯ ಗೆರೆ ಬರಲೇ ಇಲ್ಲ. ಗೆರೆಯಮ್ಮನ ಕಣ್ಣಿಗೂ ಕಾಣಲಿಲ್ಲ. ಪ್ರಯೋಗಾಲಯದ ಹೊಣೆ ಹೊತ್ತ ಡಾಕ್ಟರು ಬಂದು ಪಟ್ಟಿ ನೋಡಿದರು. ವಯಸ್ಸಿನಲ್ಲಿ ಚಿಕ್ಕವರು, ಕೆಲಸದಲ್ಲಿ ಹಗುರವಾದವರಲ್ಲ.

‘ಕಿಟ್ಟೋ, ಸಾಕ್ಷಿಯೋ?’ ಎಂದು ಕೇಳಿದರು. ಸರಿಯಾದ ಪ್ರಶ್ನೆ.

‘ಕಿಟ್ಟೇ ಡಾಕ್ಟ್ರೇ. ಬಿಸಿಲಲ್ಲಿ ಬಿದ್ದಿತ್ತು.’

‘ಸಾಕ್ಷಿನ ಎರಡನೇ ಕಿಟ್‌ನಲ್ಲಿ ಹಾಕಿ ನೋಡಿದ್ರೆ ಗೊತ್ತಾಗಲ್ವಾ?’ ಎಂದಳು ಚಿಲಿಪಿಲಿ.

‘ಅದು ಖಚಿತ ಮಾಡೋಕೆ ಇಟ್ಟಿರೋದು. ಇರೋದೇ ಬೆರಳೆಣಿಕೆಯಷ್ಟು. ನಿನ್ನ ಚಪಲಕ್ಕೆ ಹಾಳು ಮಾಡ್ಲಾ?’

ಡಾಕ್ಟರು ಗೆರೆಯಮ್ಮನ ಮುಖ ನೋಡಿದರು. ಅವಳ ಮಾತನ್ನು ಅನುಮಾನಿಸಿ ಆ ಕೋಣೆಯಲ್ಲಿ ಯಾರಿಗೂ ಅಭ್ಯಾಸವಿರಲಿಲ್ಲ. ‘ಸರಿ. ಹಾಗಾದ್ರೆ ನಿನ್ನೆ ನಾವು ಇಲ್ಲ ಅಂತ ಹೇಳಿ ಕಳಿಸಿದವರ ಪೈಕಿ ಒಬ್ಬರಿಗೆ ಇದ್ದಿದ್ರೂ ನಾವು ಹಿಡಿದಿಲ್ಲ. ಮಗುಗೆ ಹೋಗೋದನ್ನ ತಡೆಯೋ ಔಷಧಿ ಇದೆ, ತಡ ಮಾಡಬಾರದು. ಎಲ್ಲರನ್ನೂ ವಾಪಸ್ ಕರೆಸೋಣ.’

ಪೆಟ್ಟಿಗೆಯನ್ನು ದೊಡ್ಡ ಪ್ರಯೋಗಾಲಯಕ್ಕೆ ಕಳಿಸಿದರು. ಪಕ್ಕದ ಆಸ್ಪತ್ರೆಯಿಂದ ಕಿಟ್ ತರಿಸಿದರು. ಡಾಕ್ಟರೇ ಕೂತು ಒಬ್ಬೊಬ್ಬರಿಗೂ ಫೋನ್ ಮಾಡಿದರು. ರಕ್ತ ಇನ್ನೊಮ್ಮೆ ಬೇಕು, ಗಾಬರಿ ಬೇಡ, ಇಷ್ಟೇ ಹೇಳಿದರು. ಬಂದವರು ತೋಳು ಚಾಚಿ, ಗೊಣಗಿ, ಹೋದರು. ಈ ಸಲವೂ ಎಲ್ಲರದೂ ಇಲ್ಲ. ಒಂದು ಮನೆಯಲ್ಲಿ ಮಾತ್ರ ಫೋನ್ ಎತ್ತಿದ್ದು ಬಸುರಿಯಲ್ಲ, ಅವಳ ಅತ್ತೆ. ಡಾಕ್ಟರು ಕಾರಣ ಹೇಳಲಿಲ್ಲ. ಆದರೆ ಅತ್ತೆಗೆ ಲೋಕಜ್ಞಾನ ಧಾರಾಳವಾಗಿತ್ತು; ಸೊಸೆ ಮೊದಲ ಸಲ ಯಾವ ಬಾಗಿಲ ಮುಂದೆ ಕೂತಿದ್ದಳೆಂದು ನೆನಪಿತ್ತು, ಅಲ್ಲಿ ಯಾವ ಕಾಯಿಲೆ ಹುಡುಕುತ್ತಾರೆಂದೂ ಗೊತ್ತಿತ್ತು.

ಆ ಸೊಸೆ ಚೀಲ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸ ಮಾಡುವವಳು, ಮೊದಲ ಬಸಿರು. ಅತ್ತೆಯೊಡನೆ ಬಂದು ರಕ್ತ ಕೊಟ್ಟಳು. ಫಲಿತಾಂಶವೂ ಇಲ್ಲ ಎಂದೇ ಬಂತು. ಡಾಕ್ಟರು ಅದನ್ನು ಹೇಳಿದ ಮೇಲೂ ಅತ್ತೆ ಕುರ್ಚಿ ಬಿಟ್ಟು ಏಳಲಿಲ್ಲ.

‘ಮೊನ್ನೆನೂ ಇಲ್ಲ ಅಂದ್ರಿ. ಇವತ್ತೂ ಇಲ್ಲ. ಮಧ್ಯೆ ಯಾಕೆ ಕರೆದ್ರಿ? ಇಲ್ಲದೇ ಇರೋದನ್ನ ಯಾರಾದ್ರೂ ಎರಡು ಸಲ ಹುಡುಕ್ತಾರಾ?’

‘ನಮ್ಮ ಕಿಟ್ ಮೇಲೆ ಅನುಮಾನ ಬಂತಮ್ಮ, ನಿಮ್ಮ ಸೊಸೆ ಮೇಲಲ್ಲ.’

‘ಅನುಮಾನ ಅಂತೂ ಬಂತಲ್ಲ! ಎಲ್ಲಿಂದ ಎದ್ರೇನು, ಬಂದು ಕೂತಿದ್ದು ನಮ್ಮನೇಲಿ.’

ಅತ್ತೆ ಹೊರಗೆ ನಡೆದ ಮೇಲೆ ಸೊಸೆ ಹಿಂದೆ ಉಳಿದಳು. ಗೆರೆಯಮ್ಮ ನಳಿಕೆಗಳನ್ನು ಜೋಡಿಸುತ್ತಿದ್ದಳು. ಹುಡುಗಿ ಯಾರಿಗೂ ಅಲ್ಲ ಎಂಬಂತೆ ಹೇಳಿದಳು: ‘ಫೋನ್ ಬಂದಾಗಿಂದ ನನ್ನ ತಟ್ಟೆ ಬೇರೆ ಇಟ್ಟಿದ್ದಾರೆ. ನಮ್ಮನೆಯವರು ಅಂಗಡೀಲೇ ಮಲಗ್ತಾರೆ. ಹೆರಿಗೆಗೆ ತವರಿಗೆ ಹೋಗು, ಅಲ್ಲೇ ಇರು, ಆಮೇಲೆ ನೋಡೋಣ ಅಂದ್ರು. ನಂಗೆ ತವರಲ್ಲಿ ಯಾರಿದ್ದಾರೆ?’

ಹುಡುಗಿ ತೋಳಿನ ಹತ್ತಿಯನ್ನು ಒತ್ತಿ ಹಿಡಿದುಕೊಂಡೇ ಹೋದಳು.

ಮಧ್ಯಾಹ್ನ ಚಿಲಿಪಿಲಿ ಊಟಕ್ಕೆ ಹೋದಳು. ಒಗೆಯುವ ಕೋಣೆಯ ಯಂತ್ರಗಳು ನಿಂತಿದ್ದವು. ಗೆರೆಯಮ್ಮ ಫ್ರಿಜ್ ತೆರೆದು ಸೀಸೆ ತೆಗೆದಳು, ಬೆರಳ ನಡುವೆ ಕರಗಿಸಿದಳು. ಎರಡನೇ ಬಗೆಯ ಕಿಟ್‌ನಿಂದ ಒಂದು ಪಟ್ಟಿ ಒಡೆದು ಹನಿ ಹಾಕಿದಳು. ಅದು ಬಿಸಿಲು ಕಾಣದ, ಹೋದ ತಿಂಗಳೂ ಚೆನ್ನಾಗಿ ನಡೆದಿದ್ದ ಕಿಟ್. ಅದರ ಮೇಲೆ ತಪ್ಪು ಹೊರಿಸಲು ಯಾವ ನೆಪವೂ ಇರಲಿಲ್ಲ.

ಒಂದು ಗೆರೆ ಮೂಡಿತು. ಎರಡನೆಯದರ ಜಾಗ ಬಿಳಿಯಾಗಿಯೇ ಉಳಿಯಿತು.

ಇನ್ನೊಂದು ಪಟ್ಟಿ ಒಡೆದಳು. ಅದೂ ಹಾಗೆಯೇ. ಬೆರಳೆಣಿಕೆಯಷ್ಟಿವೆ ಎಂದು ಬೈದವಳು ಮೂರನೆಯದಕ್ಕೆ ಕೈ ಹಾಕಿ ನಿಂತಳು. ಕೋಣೆಯಲ್ಲಿ ಯಾರೋ ಬಂದು ಹಿಂದೆ ನಿಂತ ಹಾಗಾಯಿತು. ತಿರುಗಿ ನೋಡಲಿಲ್ಲ. ಇನ್ನೊಂದ್ಸಲ ನೋಡಕ್ಕ ಎಂದು ಅವನು ಅಂಗಲಾಚಿದ ದಿನಗಳಲ್ಲಿ ಅವಳು ಬೇಡಿಕೊಂಡದ್ದು ಇದೇ ಪಟ್ಟಿಯನ್ನು, ಒಂದೇ ಗೆರೆಯ ಪಟ್ಟಿಯನ್ನು. ಆಗ ಸಿಕ್ಕಿದ್ದರೆ ಹಿಡಿದುಕೊಂಡು ಬೀದಿಯಲ್ಲಿ ಓಡುತ್ತಿದ್ದಳು. ಈಗ ಸಿಕ್ಕಿತು. ನನಗೇನೂ ಇಲ್ಲ ನೋಡಕ್ಕ, ನನಗೇನೂ ಆಗಿಯೇ ಇಲ್ಲ ಎನ್ನುತ್ತಿತ್ತು ಆ ಬಿಳಿಯ ಜಾಗ. ಅವಳೇ ದಿನವೂ ಚೂರುಚೂರು ಬೆರೆಸಿ ಅವನನ್ನು ಅಳಿಸಿದ್ದಳು. ಸೀಸೆಯಲ್ಲಿ ಉಳಿದಿದ್ದುದು ಯಾರದೂ ಅಲ್ಲದ ನೀರು.

ಕಿಟ್ ಚೆನ್ನಾಗಿದೆ ಎಂದು ದೊಡ್ಡ ಪ್ರಯೋಗಾಲಯ ಹೇಳುವವರೆಗೂ ಅವಳು ಕಾಯಬಹುದಾಗಿತ್ತು. ಆಗಲೂ, ಹಳೆಯ ಸಾಕ್ಷಿ, ಕೆಟ್ಟಿರಬೇಕು ಎಂದರೆ ಮುಗಿಯುತ್ತಿತ್ತು. ವಯಸ್ಸಾದ ವಸ್ತುವಿನ ಮೇಲೆ ಯಾರೂ ತನಿಖೆ ಮಾಡುವುದಿಲ್ಲ. ಅವಳು ಎರಡೂ ಪಟ್ಟಿಗಳನ್ನು ತಟ್ಟೆಯಲ್ಲಿಟ್ಟುಕೊಂಡು ಡಾಕ್ಟರ ಕೋಣೆಗೆ ಹೋದಳು. ಮತ್ತೆ ಹೆಪ್ಪುಗಟ್ಟಿಸಿದ್ದು, ಬೆರೆಸಿದ್ದು, ಎರಡನೇ ಕಿಟ್ ಬೇಡವೆಂದು ಅಡ್ಡ ಹಾಕಿದ್ದು, ಎಲ್ಲ ಹೇಳಿದಳು. ಯಾಕೆ ಎಂಬುದೊಂದನ್ನು ಬಿಟ್ಟು.

ಡಾಕ್ಟರು ಪಟ್ಟಿಗಳನ್ನು ಮುಟ್ಟಲಿಲ್ಲ. ‘ಮೊನ್ನೆ ಬೆಳಿಗ್ಗೆ ಒಂದು ಮಾತು ಹೇಳಿದ್ರೆ ಸಾಕಿತ್ತಲ್ಲಮ್ಮ.’

‘ಸಾಕಿತ್ತು.’

‘ನಾನು ಇದನ್ನ ಮೇಲಿನವರಿಗೆ ತಿಳಿಸಬೇಕಾಗತ್ತೆ.’

‘ತಿಳಿಸಿ.’

‘ಆ ಚೀಲ ಹೊಲಿಯೋ ಹುಡುಗಿ ಮನೆಯವರಿಗೆ ಏನು ಹೇಳ್ಲಿ? ಇನ್ನೊಂದ್ಸಲ ಫೋನ್ ಮಾಡಿದ್ರೆ ಬೆಂಕಿಗೆ ಎಣ್ಣೆ ಹುಯ್ದ ಹಾಗೆ.’

‘ಅವಳು ಒಪ್ಪಿದ್ರೆ ನಾನೇ ಹೋಗಿ ಹೇಳ್ತೀನಿ.’

ಸೀಸೆಯನ್ನು ಅಂದೇ ಕುಕ್ಕರಿನಂಥ ದೊಡ್ಡ ಪಾತ್ರೆಯಲ್ಲಿ, ಮಿಕ್ಕ ಕಸದ ಜೊತೆ, ಹಬೆಯಲ್ಲಿ ಬೇಯಿಸಿ ಎಸೆದರು. ಬೇಯಿಸಿದವಳು ಚಿಲಿಪಿಲಿ. ಗೆರೆಯಮ್ಮ ಆ ಹೊತ್ತಿಗೆ ಕಾರ್ಖಾನೆಯ ಬಾಗಿಲಲ್ಲಿ ಹುಡುಗಿಯನ್ನು ಕೇಳುತ್ತಿದ್ದಳು. ಹುಡುಗಿ ಯೋಚಿಸಿ, ‘ಬನ್ನಿ. ನನ್ನ ಮಾತಂತೂ ನಂಬಲ್ಲ’ ಎಂದಳು.

ಹುಡುಗಿಯ ಗಂಡ ಬೀಗ ರಿಪೇರಿ ಮಾಡುವವನು. ಬೀದಿಗೆ ತೆರೆದ ಅಂಗಡಿ, ಹಿಂದೆಯೇ ಮನೆ. ಮೊಳೆಗಳಿಗೆ ತೂಗುಹಾಕಿದ ಕೀಲಿಗಳು, ಮೂಲೆಯಲ್ಲಿ ಸುತ್ತಿಟ್ಟ ಹಾಸಿಗೆ. ಅವನು ಅರದಿಂದ ಕೀಲಿಯೊಂದನ್ನು ಉಜ್ಜುತ್ತಿದ್ದ. ಬಂದವಳು ಆಸ್ಪತ್ರೆಯವಳೆಂದು ತಿಳಿದ ಮೇಲೂ ಕೈ ನಿಲ್ಲಿಸಲಿಲ್ಲ. ಅತ್ತೆ ಬಂದು ಬಾಗಿಲಿಗೆ ಒರಗಿದಳು. ಮನೆಗೆ ಬಂದ ಹಿರಿಯಳೆಂದು ಸ್ಟೂಲ್ ಕೊಟ್ಟಳು, ಟೀ ಕೊಟ್ಟಳು. ಮಾತು ಮಾತ್ರ ಕೊಡಲಿಲ್ಲ.

‘ತಪ್ಪು ನಿಮ್ಮ ಹೆಂಡತೀದಲ್ಲ, ಕಿಟ್ಟಿಂದೂ ಅಲ್ಲ’ ಎಂದಳು ಗೆರೆಯಮ್ಮ. ‘ಕಿಟ್ ಪರೀಕ್ಷೆ ಮಾಡೋಕೆ ಒಂದು ರಕ್ತದ ತಿಳಿ ಇಟ್ಟಿರ್ತೀವಿ. ಅದನ್ನ ನಾನು ಕೆಡಿಸಿದ್ದೆ. ಅದಕ್ಕೆ ಅನುಮಾನ ಬಂದು ಎಲ್ಲರನ್ನೂ ಕರೆಸಿದ್ವಿ. ಇವಳಿಗೆ ಆಗಲೂ ಏನೂ ಇರ್ಲಿಲ್ಲ, ಈಗಲೂ ಇಲ್ಲ.’

‘ಹೆಂಗೆ ಕೆಡಿಸಿದ್ರಿ?’ ಎಂದ ಬೀಗದವನು.

ಹೇಳಿದಳು. ಅವನು ಅರವನ್ನು ಕೆಳಗಿಟ್ಟ.

‘ಅಮ್ಮಾ, ನಾನು ಓದಿದವನಲ್ಲ. ಆದ್ರೆ ಕೈಕೆಲಸ ಗೊತ್ತು. ನೀವು ಎಷ್ಟು ವರ್ಷದಿಂದ ಈ ಕೆಲಸದಲ್ಲಿದ್ದೀರಿ? ತಲೆ ನೋಡಿದ್ರೇ ಗೊತ್ತಾಗತ್ತೆ. ಮಿಕ್ಕ ಕೀಲಿನೆಲ್ಲ ತಾಳೆ ನೋಡೋ ನನ್ನ ಅಳತೆ ಕೀಲಿ ಇದೆಯಲ್ಲ, ಅದನ್ನ ನಾನೇ ಉಜ್ಜಿ ಹಾಳು ಮಾಡ್ತೀನಾ? ಹೊಸದು ಕೇಳಿದ್ರೆ ಬರೋದನ್ನ ಬಿಟ್ಟು, ಹಳೇದಕ್ಕೆ ಕಲಬೆರಕೆ ಮಾಡ್ಕೊಂಡು ಕೂರೋಕೆ ನಿಮಗೇನು ತಲೆ ಕೆಟ್ಟಿತ್ತಾ? ನಂಬೋ ಹಂಗೆ ಹೇಳಿ. ಇವಳು ಅತ್ತಿರ್ತಾಳೆ, ಪಾಪ ಅಂತ ನೀವು ಬಂದಿದ್ದೀರಿ. ಅಷ್ಟೇ.’

‘ಅಷ್ಟೇ ಅಲ್ದೆ ಇನ್ನೇನು’ ಎಂದಳು ಅತ್ತೆ. ‘ಮುಚ್ಚಿ ಹಾಕೋಕೆ ಮುದುಕೀನ ಕಳಿಸಿದ್ದಾರೆ.’

ಅವನು ಕೇಳಿದ್ದು ನ್ಯಾಯವಾಗಿತ್ತು. ಅವಳು ಹೇಳಿದ ಕಥೆಯಲ್ಲಿ ಒಂದು ತೂತಿತ್ತು, ಅದರ ಮೂಲಕ ಅವನ ಅನುಮಾನ ಆರಾಮವಾಗಿ ಓಡಾಡುತ್ತಿತ್ತು. ಒಳಬಾಗಿಲ ಹಿಂದೆ ಹುಡುಗಿಯ ಬಳೆಯಿಲ್ಲದ ಒಂದು ಕೈ ಕಾಣುತ್ತಿತ್ತು. ಚೌಕಟ್ಟನ್ನು ಗಟ್ಟಿಯಾಗಿ ಹಿಡಿದಿತ್ತು. ತಾಯಿಯ ಮುಂದೆ, ನೆರೆಯವರ ಮುಂದೆ, ಹೆಣ ಎತ್ತುವವರ ಮುಂದೆ ಆಡದ ಮಾತನ್ನು, ಹೆಸರು ಗೊತ್ತಿಲ್ಲದ ಈ ಅಂಗಡಿಯಲ್ಲಿ ಆಡಬೇಕಾಗಿ ಬಂದಿತ್ತು.

‘ಅದು ನನ್ನ ತಮ್ಮನ ರಕ್ತ’ ಎಂದಳು.

ಟೀ ಲೋಟವನ್ನು ಮಡಿಲಲ್ಲಿ ಹಿಡಿದು ಮುಂದುವರಿಸಿದಳು.

‘ಅವನಿಗೆ ಈ ಕಾಯಿಲೆ ಇತ್ತು. ತೀರ್ಕೊಂಡ. ಆಮೇಲೆ ಉಳಿದಿದ್ದು ಆ ಸೀಸೆಗಳು. ಕೊನೇದು ಮುಗಿಯೋಕೆ ಬಂದಿತ್ತು. ಮುಗಿಸೋಕೆ ನನ್ನ ಕೈಲಿ ಆಗ್ಲಿಲ್ಲ.’

ಬೀಗದವನು ಅವಳನ್ನು ನೋಡಿದ. ಕೀಲಿ ಬೀಗದೊಳಗೆ ಕೂತಾಗ ಅವನ ಮುಖದಲ್ಲಿ ಮೂಡುತ್ತಿದ್ದ ಭಾವ ಬಹುಶಃ ಅದೇ ಇರಬೇಕು. ಕನಿಕರವಲ್ಲ, ಸರಿಹೋಯಿತು ಎಂಬ ಭಾವ. ಎದ್ದು ಮೂಲೆಯ ಹಾಸಿಗೆಯನ್ನು ಎತ್ತಿ ಒಳಗೆ ಕೊಟ್ಟ. ‘ತಗೋ’ ಎಂದ, ಅಷ್ಟೇ. ಹುಡುಗಿಯ ಎರಡು ಕೈಗಳು ಬಂದು ಅದನ್ನು ಒಳಗೆ ಎಳೆದುಕೊಂಡವು.

ಅತ್ತೆ ಬಾಗಿಲು ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದಿದ್ದಳು. ಅವಳ ಕಣ್ಣು ಸೊಸೆಯ ಮೇಲಿರಲಿಲ್ಲ.

‘ನಿಮ್ಮನೇಲಿ ಇನ್ಯಾರ್ಯಾರಿಗಿದೆ?’ ಎಂದು ಕೇಳಿದಳು.

ತಾಯಿ ಬದುಕಿರುವಷ್ಟು ಕಾಲ ಗೆರೆಯಮ್ಮ ಹಗಲಿರುಳು ಹೆದರಿದ್ದು ಈ ಪ್ರಶ್ನೆಗೆ. ಯಾರು ಕೇಳುತ್ತಾರೆ, ಎಲ್ಲಿ ಕೇಳುತ್ತಾರೆ, ತಾಯಿ ಎದುರಿಗಿದ್ದರೆ ಏನು ಗತಿ ಎಂದು. ಬಂದಾಗ ಅದು ಸಾಧಾರಣ ದನಿಯಲ್ಲಿ, ಬೀಗಗಳ ನಡುವೆ ಬಂತು.

‘ಯಾರಿಗೂ ಇಲ್ಲ’ ಎಂದಳು. ‘ಮನೇಲಿ ಈಗ ಯಾರೂ ಇಲ್ಲ.’

ಟೀ ಮುಗಿಸಿದಳು. ಅರ್ಧಕ್ಕೆ ಬಿಟ್ಟು ಏಳುವುದು ಅವಳ ಸ್ವಭಾವವಲ್ಲ. ಲೋಟವನ್ನು ಸ್ಟೂಲಿನ ಮೇಲಿಟ್ಟು, ಬರುತ್ತೇನೆ ಎಂದು ಹೇಳಿ ಬೀದಿಗಿಳಿದಳು. ಹಿಂದೆ ಅತ್ತೆಯ ದನಿ ಕೇಳಿತು.

‘ಆ ಲೋಟನ ಬರಿಗೈಲಿ ಮುಟ್ಬೇಡ. ಹಾಗೇ ಹೊರಗೆ ಹಾಕು.’

‘ಯಾಕತ್ತೆ?’ ಎಂದಳು ಹುಡುಗಿ.

ಸ್ವಲ್ಪ ಹೊತ್ತಿನ ಮೇಲೆ ಲೋಟ ಚರಂಡಿಯ ಕಲ್ಲಿಗೆ ಬಡಿದ ಸದ್ದಾಯಿತು. ಎಸೆದವರು ಯಾರೆಂದು ನೋಡಲು ಗೆರೆಯಮ್ಮ ತಿರುಗಲಿಲ್ಲ.